ಮಸಿ ಬಳಿದ ಆರು ಗಾಜು

ಪ್ರಯೋಗಾಲಯದಲ್ಲಿ ಎಲ್ಲರಿಂದ ಗಾಜಕ್ಕ ಎಂದು ಕರೆಸಿಕೊಳ್ಳುವ ನಾನು, ವಯಸ್ಸು 52 ವರ್ಷ, ಉದ್ಯೋಗ ಗಾಜು ತೊಳೆಯುವುದು, ವಾಸ ಕಾಲೇಜಿನ ಹಿಂಬದಿಯ ಸಿಬ್ಬಂದಿ ವಸತಿ, ಮನೆ ನಂಬರ್ 14, ಯಾರೂ ಕರೆತರದೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ,

ನಾನು ಹತ್ತೊಂಬತ್ತು ವರ್ಷಗಳಿಂದ ಸದರಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಬಣ್ಣದಲ್ಲಿ ನೆನೆಸಿದ ಗಾಜಿನಿಂದ ಸೌರಕೋಶ ತಯಾರಿಸುತ್ತಾರೆ. ಪ್ರತಿ ಕೋಶಕ್ಕೆ ಎರಡು ಗಾಜು. ಹಿಂದಿನ ಗಾಜಿಗೆ ಪ್ಲಾಟಿನಂ ಲೇಪ ಹಾಕುತ್ತಿದ್ದರು. ಅದು ದುಬಾರಿ, ಸಾಲದ್ದಕ್ಕೆ ತಿಂಗಳೊಳಗೆ ಸೊರಗುತ್ತಿತ್ತು. ಅದರ ಬದಲು ಇಂಗಾಲದ ಪುಡಿ ಹಚ್ಚಿ ನೋಡೋಣವೆಂದು ಮಾರ್ಚ್ 3ರಂದು ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಅವರು ನಕ್ಕು, "ವಿಭಾಗದ ಮುಖಕ್ಕೆ ಮಸಿ ಬಳೀಬೇಡಮ್ಮ, ಹೋಗಿ ಗಾಜು ತೊಳಿ" ಎಂದರು.

ನಾನು ತೊಳೆದೆ. ಉಳಿದ ಹೊತ್ತಿನಲ್ಲಿ, ಅವರು ಬಿಸಾಡಿದ ಗಾಜುಗಳ ಮೇಲೆ ಇಂಗಾಲದ ಪೇಸ್ಟ್ ಹರಡಿ, 450 ಡಿಗ್ರಿಯಲ್ಲಿ ಅರ್ಧ ಗಂಟೆ ಸುಟ್ಟೆ. ಹನ್ನೊಂದು ಸಲ ಲೇಪ ಉದುರಿತು. ನಮ್ಮ ಯಜಮಾನರು ನನ್ನ ಉಗುರು ನೋಡಿ, ಒಲೆ ಮುಂದೆಯೂ ಇಷ್ಟು ಕಪ್ಪಾದವಳಲ್ಲ ನೀನು ಎಂದು ತಮಾಷೆ ಮಾಡಿದರು. ಹನ್ನೆರಡನೆಯ ಸಲ, ಮುಂದಿನ ಗಾಜಿಗೆ ಹಚ್ಚುವ ಬಿಳಿ ಪೇಸ್ಟನ್ನೇ ಚೂರು ಬೆರೆಸಿದೆ. ಲೇಪ ಕಚ್ಚಿಕೊಂಡಿತು. ಆರು ಕೋಶ ಮಾಡಿದೆ. ಅರವತ್ತು ದಿನವಾದರೂ ಅವು ಜಗ್ಗಲಿಲ್ಲ. ಮುಖ್ಯಸ್ಥರಿಗೆ ತೋರಿಸಿ, ಏನು ಬೆರೆಸಿದೆನೆಂದೂ ಹೇಳಿದೆ.

ಆಮೇಲೆ ಮುಖ್ಯಸ್ಥರ ವರದಿ ಬಂತು. ಅದರಲ್ಲಿ ಇಂಗಾಲ ಅವರದ್ದು, ಪೇಸ್ಟ್ ಅವರದ್ದು, ನನ್ನ ಹೆಸರು ಎಲ್ಲೂ ಇಲ್ಲ. ಇಂದು ಬರುವ ಅತಿಥಿಗಳಿಗೆ ತೋರಿಸಲು ಕಳೆದ ವಾರ ಅವರೇ ಕೈಯಾರೆ ಆರು ಕೋಶ ಮಾಡಿದ್ದರು. ಒಂದೂ ಕೆಲಸ ಮಾಡಲಿಲ್ಲ. ಈ ಗಾಜಿನಲ್ಲಿ ವಿದ್ಯುತ್ ಹರಿಯುವುದು ಒಂದು ಮೈಯಲ್ಲಿ ಮಾತ್ರ, ಕಣ್ಣಿಗೆ ಎರಡೂ ಒಂದೇ. ಹಚ್ಚುವ ಮೊದಲು ಮೀಟರ್ ಇಟ್ಟು ನೋಡಬೇಕು. ಅವರಿಗೆ ಆ ಅಭ್ಯಾಸವೇ ಇಲ್ಲ. ಇಷ್ಟು ವರ್ಷ ಸರಿಯಾದ ಮೈ ಮೇಲಕ್ಕೆ ಬರುವಂತೆ ತಟ್ಟೆಯಲ್ಲಿ ಜೋಡಿಸಿಡುತ್ತಿದ್ದವಳು ನಾನು. ಕಳೆದ ವಾರ ಮೂರು ದಿನ ರಜೆಯಲ್ಲಿದ್ದೆ.

ಬೆಳಿಗ್ಗೆ 10.20ಕ್ಕೆ ಅವರು ತಮ್ಮವನ್ನು ಬೀರುವಿಗೆ ಸೇರಿಸಿ ನನ್ನ ಆರನ್ನು ಮೇಜಿನ ಮೇಲಿಟ್ಟರು. 10.25ಕ್ಕೆ ಅತಿಥಿಗಳೂ ಸೇರಿ ಏಳು ಜನರ ಎದುರಿಗೆ, "ಇವು ನನ್ನವು ಸರ್, ತಗೊಂಡು ಹೋಗ್ತಿದೀನಿ" ಎಂದು ಹೇಳಿ, ತಟ್ಟೆ ಸಮೇತ ಎತ್ತಿಕೊಂಡು 800 ಮೀಟರ್ ನಡೆದು 10.40ಕ್ಕೆ ಇಲ್ಲಿಗೆ ಬಂದೆ. ನಾನು ಕದ್ದು ಪರಾರಿಯಾಗಿದ್ದೇನೆಂದು ಅವರು ಫೋನಿನಲ್ಲಿ ದೂರು ಕೊಡುವಾಗ ನಾನು ಈ ಬೆಂಚಿನ ಮೇಲೆಯೇ ಕುಳಿತಿದ್ದೆ.

ಕೆಲಸ ಹೋಗಬಹುದು, ಹೋಗಲಿ. ಅವರನ್ನು ಕರೆಸಿ ಒಂದು ಬರಿ ಗಾಜು ಕೊಟ್ಟು, ಹಚ್ಚುವ ಮೈ ಯಾವುದೆಂದು ಕೇಳಬೇಕು. ಆಮೇಲೆ ನನ್ನನ್ನು ಕೇಳಬೇಕು.

ಈ ಹೇಳಿಕೆಯನ್ನು ಓದಿಸಿ ಕೇಳಿದೆ. ಎರಡು ಕಡೆ ಬಿಟ್ಟರೆ ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. "ಕದ್ದುಕೊಂಡು" ಎಂದು ಬರೆದಿದ್ದ ಕಡೆ ಅದನ್ನು ಹೊಡೆದುಹಾಕಿಸಿ "ಎತ್ತಿಕೊಂಡು" ಎಂದು ಬರೆಸಿದ್ದೇನೆ. ಮೊದಲ ಸಾಲಿನ "ಗಾಜು ತೊಳೆಯುವುದು" ಹಾಗೇ ಇರಲಿ. ಅದರ ಮುಂದೆ ಅಂಚಿನಲ್ಲಿ "ಮತ್ತು ಸೌರಕೋಶ ತಯಾರಿಸುವುದು" ಎಂದು ಸೇರಿಸಿ, ಪಕ್ಕದಲ್ಲಿ ರುಜು ಹಾಕಿದ್ದೇನೆ.

ಸ್ಥಳ: ಠಾಣೆ, ಕಿಟಕಿ ಪಕ್ಕದ ಮೇಜು
ದಿನಾಂಕ: ಜೂನ್ 16, ಮಧ್ಯಾಹ್ನ 12.15
ಒಪ್ಪಿಸಿದ್ದು: ಸೌರಕೋಶ 6. ಬಿಸಿಲಿಗಿಟ್ಟು ಮೀಟರ್ ಹಿಡಿದು ನೋಡಲಾಗಿ ಆರೂ ಕೆಲಸ ಮಾಡುತ್ತಿವೆ.

(ರುಜು)