ಪಕ್ಕಕ್ಕೆ ಸರಿದು ನಿಂತವರು

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ಕಡಲಂಚಿನ ಕಾಲುದಾರಿಯಲ್ಲಿ ನಡೆಯಲು ಬಂದವರೆಲ್ಲ ಗುಡ್ಡದ ಬುಡದ ತಂಗುಮನೆಯಲ್ಲಿ ಸಿಕ್ಕಿಕೊಂಡಿದ್ದರು. ಒಲೆಯ ಸುತ್ತ ಹಳೇ ಪೇಪರು ತುರುಕಿದ ಬೂಟುಗಳು ಬಾಯಿ ತೆರೆದುಕೊಂಡು ಕೂತಿದ್ದವು. ಕಿಟಕಿಯ ಆಚೆ ಸಮುದ್ರ ಕಾಣುತ್ತಿರಲಿಲ್ಲ, ಅದರ ಸದ್ದು ಮಾತ್ರ ಗೋಡೆಯೊಳಗಿಂದ ಬಂದಂತೆ ಕೇಳುತ್ತಿತ್ತು. ಟೀ ಮುಗಿದು, ಮಾತು ಹಾವು, ಜಾರುಬಂಡೆಗಳನ್ನೆಲ್ಲ ದಾಟಿ ದೆವ್ವದ ಹತ್ತಿರ ಬಂದು ನಿಂತಿತು.

"ಅಜ್ಜೀ, ಈ ದಾರೀಲಿ ದೆವ್ವಗಿವ್ವ ಇದೆಯಾ?" ಎಂದು ಗುಂಪಿನಲ್ಲಿದ್ದ ಹಲ್ಲಿನ ಡಾಕ್ಟರು ಕೇಳಿದರು. "ಇದ್ರೆ ಅದಕ್ಕೆ ಹಲ್ಲು ಎಷ್ಟುದ್ದ?"

ತಂಗುಮನೆ ನಡೆಸುವ ಅಜ್ಜಿ ಎಲ್ಲರ ಒದ್ದೆ ಕಾಲುಚೀಲಗಳನ್ನು ಒಲೆಯ ಮೇಲಿನ ತಂತಿಗೆ ಹರವುತ್ತಿದ್ದರು. "ಎಷ್ಟುದ್ದ ಇದ್ರೂ ನಿಮ್ಮ ಕುರ್ಚೀಲಿ ಬಂದು ಬಾಯಿ ತೆಗೆಯಲ್ಲ ಬಿಡಿ," ಎಂದರು.

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಕೈ ಒರೆಸಿಕೊಂಡು, ಒಂದು ಮೋಟು ಸ್ಟೂಲು ಎಳೆದು ಒಲೆಯ ಮುಂದೆ ಕೂತರು.

"ಇದೆಯಾ ಅಂತ ಕೇಳಿದ್ರಲ್ಲ... ಹೇಳ್ತೀನಿ. ಆದ್ರೆ ಇದು ಹೆದರಿಕೆ ಕತೆ ಅಲ್ಲ ಮಕ್ಕಳಾ, ನಾಚಿಕೆ ಕತೆ. ಹೆದರಿಕೆ ಆದ್ರೆ ಎದ್ದು ಓಡಬಹುದು. ನಾಚಿಕೆ ಆದ್ರೆ ಎಲ್ಲಿಗೆ ಓಡ್ತೀರಿ?

"ನಮ್ಮ ಯಜಮಾನರು ಈ ದಾರೀಲಿ ಜನರನ್ನ ಕರ್ಕೊಂಡು ಹೋಗೋ ಗೈಡ್ ಆಗಿದ್ರು. ಲಕ್ಷಣವಾಗಿದ್ರು, ಮಾತು ಅಂದ್ರೆ ಅರಳು ಹುರಿದ ಹಾಗೆ, ಇಸ್ತ್ರಿ ಇಲ್ಲದ ಅಂಗಿ ಹಾಕಿದವರೇ ಅಲ್ಲ. ಅವರಪ್ಪ, ಅಂದ್ರೆ ನಮ್ಮ ಮಾವ, ಅದಕ್ಕೆ ತದ್ವಿರುದ್ಧ. ನೀರು ಇಳಿದಾಗ ಬಂಡೆ ಮೇಲೆ ಹೋಗಿ ಕಪ್ಪೆಚಿಪ್ಪು ಕಿತ್ತು, ಬೆನ್ನಿಗೆ ಬುಟ್ಟಿ ಕಟ್ಕೊಂಡು ಮಾರೋರು. ಎಷ್ಟು ಉಜ್ಜಿ ಸ್ನಾನ ಮಾಡಿದ್ರೂ ಮೈಯಿಂದ ಆ ಕೆಸರಿನ ವಾಸನೆ ಹೋಗ್ತಿರಲಿಲ್ಲ. ಕಿವಿ ಬೇರೆ ಮಂದ, ಅದಕ್ಕೇ ಬಾಯಿ ತೆಗೆದ್ರೆ ಊರಿಗೆಲ್ಲ ಕೇಳೋದು. ತಾಯಿ ಇಲ್ಲದ ಮಗನ್ನ ಆ ಬುಟ್ಟೀಲೇ ಕೂರಿಸ್ಕೊಂಡು ಸಾಕಿದೋರು ಅವರು.

"ನಮ್ಮವರು ಪೇಟೆ ಜನರ ಮುಂದೆ ಒಂದು ಕತೆ ಕಟ್ಟಿದ್ರು. ಯಾರೋ ಒಂದಿನ 'ನಿಮ್ಮ ತಂದೆಯವರು ಏನು ಮಾಡ್ತಿದ್ರು?' ಅಂತ ಕೇಳಿದ್ದಾರೆ, ಇವರ ಬಾಯಿಗೆ ನಿಜ ಬರಲಿಲ್ಲ. 'ಹಡಗಿನ ಕ್ಯಾಪ್ಟನ್ ಆಗಿದ್ರು, ಸಮುದ್ರದಲ್ಲೇ ತೀರ್ಕೊಂಡ್ರು' ಅಂದುಬಿಟ್ರು. ಕೇಳಿದೋರ ಕಣ್ಣಲ್ಲಿ ನೀರು. ಅಷ್ಟೇ ಸಾಕಾಯ್ತು ನೋಡಿ! ಆಮೇಲೆ ಪ್ರತಿ ಸಲ ಗುಡ್ಡದ ತುದಿಗೆ ಹೋಗಿ ನಿಲ್ಲೋದು, ನೀರಿನ ಕಡೆ ಕೈ ತೋರಿಸೋದು, ಗಂಟಲು ಗದ್ಗದ ಮಾಡ್ಕೊಳ್ಳೋದು... ಇತ್ತ ಆ ಅಪ್ಪ ಮನೆ ಜಗಲಿ ಮೇಲೆ ಹರಿದ ಚಪ್ಪಲಿ ಹೊಲ್ಕೊಂಡು ಕೂತಿರೋರು.

"ಒಂದಿನ ಬೆಳಗ್ಗೆ ಮೋಡ ಕಟ್ಟಿತ್ತು. ಇವರು ಮಳೆಕೋಟು ಮರೆತು ಹೊರಟಿದ್ರು. ಗೂಟದ ಮೇಲಿದ್ದ ಕೋಟು ಮಾವನ ಕಣ್ಣಿಗೆ ಬಿತ್ತು. 'ಇವನಿಗೆ ಚಿಕ್ಕಂದಿನಿಂದ ನೆನೆದ್ರೆ ಆಗಲ್ಲ ಕಣಮ್ಮ, ಕೊಟ್ಟು ಬರ್ತೀನಿ' ಅಂದ್ರು. 'ಅವರೇನು ಮಗುವಾ ಮಾವ, ಬಿಡಿ' ಅಂದೆ. ಕೇಳಿಸ್ತೋ ಇಲ್ವೋ... ಬೆನ್ನಿಗೆ ಬುಟ್ಟಿ, ಕೈಯಲ್ಲಿ ಕೋಟು, ಹೊರಟೇಬಿಟ್ರು.

"ಗುಡ್ಡದ ತುದೀಲಿ ಇವರು ಸರಿಯಾಗಿ ಆ ಕ್ಯಾಪ್ಟನ್ ಕತೇನೇ ಹೇಳ್ತಿದ್ದಾರೆ, ಹೆಂಗಸರು ಕರ್ಚೀಫು ತೆಗೆದಿದ್ದಾರೆ, ಅಷ್ಟರಲ್ಲಿ ಹಿಂದಿನಿಂದ, 'ಮಗಾ! ಕೋಟು ಬಿಟ್ಟು ಬಂದಿದ್ದೀಯಲ್ಲೋ!' ಎಲ್ಲರೂ ತಿರುಗಿದ್ರು. 'ಯಾರಿವರು? ನಿಮ್ಮನ್ನ ಮಗಾ ಅಂತಿದ್ದಾರಲ್ಲ?' ಅಂತ ಒಬ್ಬರು ಕೇಳಿದ್ರು. ನಮ್ಮವರು ಏನಂದ್ರು ಗೊತ್ತಾ? 'ಯಾರೋ ಗೊತ್ತಿಲ್ಲ. ತಲೆ ಸರಿ ಇಲ್ಲ ಪಾಪ, ಕಂಡೋರನ್ನೆಲ್ಲ ಮಗಾ ಅಂತಾರೆ' ಅಂದ್ರು."

ಡಾಕ್ಟರು ಖಾಲಿ ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಕಿವಿಗೆ ಬಾಯಿಟ್ಟು ಕೂಗಿದ್ರೂ ಕೇಳಿಸದ ಮನುಷ್ಯ, ಅವತ್ತು ಅಷ್ಟನ್ನೂ ಕೇಳಿಸ್ಕೊಂಡ್ರು. ಬೈದ್ರಾ? ಅತ್ರಾ? ಇಲ್ಲ. ಮಗನ ಮುಖ ನೋಡಿದ್ರಂತೆ... ಸುತ್ತ ನಿಂತವರ ಬಟ್ಟೆಬರೆ ನೋಡಿದ್ರಂತೆ... ಎಲ್ಲ ಅರ್ಥವಾಗಿ ಹೋಯ್ತು. ಕೈ ಮುಗಿದು, 'ಹೌದು ಸ್ವಾಮಿ, ಕಣ್ಣು ಸರಿಯಾಗಿ ಕಾಣಲ್ಲ, ನಮ್ಮ ಹುಡುಗ ಅಂದ್ಕೊಂಡೆ, ತಪ್ಪಾಯ್ತು' ಅಂದ್ರು. ಹೆತ್ತ ಮಗನಿಗೆ ಸ್ವಾಮಿ ಅಂದ್ರು! ಕೋಟನ್ನ ಒಂದು ಕಲ್ಲಿನ ಮೇಲೆ ಮಡಚಿಟ್ಟು, ಪಕ್ಕಕ್ಕೆ ಸರಿದು ದಾರಿ ಬಿಟ್ಟು ನಿಂತ್ರು. ಇವರೆಲ್ಲ ಅವರ ಮುಂದೆಯೇ ಹಾದುಹೋದ್ರು. ನಮ್ಮವರು ತಲೆ ಎತ್ತಲಿಲ್ಲ.

"ಮೇಲಿನ ದಾರೀಲಿ ಹೋದ್ರೆ ಆ ಜನರಿಗೆ ಮತ್ತೆ ಎದುರಾಗಬೇಕಾಗುತ್ತೆ, ಮಗನ ಮಾನ ಹೋಗುತ್ತೆ ಅಂದ್ಕೊಂಡ್ರೋ ಏನೋ, ಮಾವ ಕೆಳಗೆ ಬಂಡೆ ಮೇಲೆ ಇಳಿದುಬಿಟ್ಟಿದ್ರು. ನೀರು ಏರೋ ಹೊತ್ತು. ಆ ಹೊತ್ತಲ್ಲಿ ಇಳೀಬಾರದು ಅಂತ ಅವರಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಸಂಜೆ ಇವರು ಒದ್ದೆಮುದ್ದೆಯಾಗಿ ಮನೆಗೆ ಬಂದ್ರು. ಕೋಟು ಕೈಯಲ್ಲಿತ್ತು, ಹಾಕ್ಕೊಂಡಿರಲಿಲ್ಲ. 'ಅಪ್ಪ ಬಂದ್ರಾ?' ಅಂತ ಕೇಳಿದ್ರು... ಮೀನು ಹಿಡಿಯೋರು ಮಾವನ್ನ ಹೊತ್ತು ತಂದಾಗ ಬುಟ್ಟಿ ಇನ್ನೂ ಬೆನ್ನಲ್ಲೇ ಇತ್ತು."

ಅಜ್ಜಿ ಎದ್ದು, ಒಲೆಗೆ ಒಂದು ಸೌದೆ ಹಾಕಿ, ಮತ್ತೆ ಕೂತರು.

"ಹೊಟ್ಟೆಪಾಡು ಕೇಳುತ್ತಾ? ಮಳೆಗಾಲ ಮುಗಿದ ಮೇಲೆ ಇವರು ಮತ್ತೆ ಜನರನ್ನ ಕರ್ಕೊಂಡು ಹೊರಟ್ರು. ಅರ್ಧ ದಾರೀಲಿ ಒಬ್ಬ ಹೆಂಗಸು, 'ಹಿಂದೆ ಬುಟ್ಟಿ ಹೊತ್ಕೊಂಡು ಬರ್ತಿರೋ ಮುದುಕರು ನಿಮ್ಮೋರಾ?' ಅಂದ್ರು. ಇವರು ಗಕ್ಕನೆ ತಿರುಗಿದ್ರು. ಹುಲ್ಲು, ಗಾಳಿ, ಬರೀ ದಾರಿ. ಆದ್ರೆ ಬಾಯಿಗೆ ಅಭ್ಯಾಸ ಆಗಿಹೋಗಿತ್ತಲ್ಲ... 'ಯಾರೋ ಗೊತ್ತಿಲ್ಲ' ಅಂದುಬಿಟ್ರು. ಆಮೇಲೆ ಪ್ರತಿ ಗುಂಪಿನಲ್ಲೂ ಯಾರಾದ್ರೊಬ್ಬರಿಗೆ ಮಾವ ಕಾಣೋರು. ಹಾಡುಹಗಲಲ್ಲೇ! ಗುಂಪು ನಿಂತ್ರೆ ದೂರದಲ್ಲಿ ಅವರೂ ನಿಲ್ಲೋರು. ಯಾರಾದ್ರೂ ಹತ್ತಿರ ಹೋದ್ರೆ ಪಕ್ಕಕ್ಕೆ ಸರಿದು ದಾರಿ ಬಿಡೋರು. ಯಾರ್ಯಾರಿಗೋ ಕಾಣೋರು, ಮಗನಿಗೆ ಮಾತ್ರ ಕಾಣ್ತಿರಲಿಲ್ಲ.

"ಆಗ ನಮ್ಮವರು ನನ್ನ ಹತ್ರ ಎಲ್ಲ ಬಾಯಿಬಿಟ್ರು, ಗೋಡೆ ಕಡೆ ಮುಖ ಮಾಡ್ಕೊಂಡು. ನನಗೆ ಅವರನ್ನ ಮುಟ್ಟೋದಕ್ಕೂ ಮನಸ್ಸು ಬರಲಿಲ್ಲ, ಬಿಟ್ಟು ಎದ್ದು ಹೋಗೋದಕ್ಕೂ ಬರಲಿಲ್ಲ. 'ನಾಲ್ಕು ಜನರ ಮುಂದೆ ಅಲ್ಲ ಅಂದ್ರಿ, ನಾಲ್ಕು ಜನರ ಮುಂದೇನೇ ಹೌದು ಅನ್ನಿ' ಅಂದೆ. ಎಷ್ಟೋ ಸಲ ಪ್ರಯತ್ನಪಟ್ರು, ಗಂಟಲಲ್ಲೇ ಉಳೀತು. ಕೊನೆಗೆ ಒಂದಿನ ಅದೇ ಗುಡ್ಡದ ತುದೀಲಿ ಯಾರೋ ಕೇಳಿದಾಗ, ನೆಲದ ಮೇಲೆ ಕುಸಿದು ಕೂತು, 'ಅವರು ನಮ್ಮಪ್ಪ! ಕ್ಯಾಪ್ಟನ್ ಅಲ್ಲ, ಕಪ್ಪೆಚಿಪ್ಪು ಮಾರ್ತಿದ್ರು! ನಾನೇ ಅವರನ್ನ ಅಲ್ಲ ಅಂದವನು!' ಅಂತ ಕೂಗಿಬಿಟ್ರಂತೆ. ಇವರಿಗೆ ಎದೆ ಮೇಲಿನ ಬಂಡೆ ಜಾರಿದ ಹಾಗಾಯ್ತಂತೆ.

"ಅಷ್ಟರಲ್ಲಿ ಮಂಡಿನೋವು ಅಂತ ಹಿಂದೆ ಉಳಿದಿದ್ದ ಒಬ್ಬ ಮೇಷ್ಟ್ರು ಏದುಸಿರು ಬಿಡ್ತಾ ಬಂದ್ರು. ಅವರಿಗೆ ಇದೇನೂ ಗೊತ್ತಿಲ್ಲ. 'ಹಿಂದೆ ಒಬ್ಬ ಹಿರಿಯರು ಸಿಕ್ಕಿದ್ರು ಕಣ್ರೀ, ಮುಖ ಥೇಟ್ ನಿಮ್ಮದೇ. ನಮ್ಮ ಗೈಡ್ ನಿಮ್ಮ ಮಗನಾ ಅಂತ ಕೇಳೇಬಿಟ್ಟೆ. ಅದಕ್ಕವರು, ಅಯ್ಯೋ ಇಲ್ಲ ಸ್ವಾಮಿ, ನಂಗೆ ಅವರು ಯಾರೋ ಗೊತ್ತಿಲ್ಲ, ಅವರ ತಂದೆ ದೊಡ್ಡ ಕ್ಯಾಪ್ಟನ್ ಆಗಿದ್ರಂತೆ, ಅಂತ ಕೈ ಮುಗಿದ್ರು' ಅಂದ್ರು."

ಒಲೆಯಲ್ಲಿ ಸೌದೆ ಚಟಪಟ ಎಂದಿತು. ಅಜ್ಜಿಯ ದನಿ ತಗ್ಗಿತು.

"ಸೇಡು ಆಗಿದ್ರೆ ನಮ್ಮವರು ತಡ್ಕೊಳ್ತಿದ್ರು ಮಕ್ಕಳಾ. ಸತ್ತ ಮೇಲೂ ಮಗನ ಸುಳ್ಳನ್ನ ಕಾಯ್ಕೊಂಡು ನಿಂತಿದ್ದಾರಲ್ಲ ಅಪ್ಪ, ಅದನ್ನ ತಡ್ಕೊಳ್ಳೋಕೆ ಆಗಲಿಲ್ಲ. ಗೈಡ್ ಕೆಲಸ ಅವತ್ತೇ ಬಿಟ್ರು. ದಿನಾ ಒಬ್ಬರೇ ಆ ದಾರೀಲಿ ಹೋಗೋರು, 'ಅಪ್ಪಾ, ಅಪ್ಪಾ' ಅಂತ ಕೂಗೋರು, ಎದುರಿಗೆ ಬಂದೋರನ್ನೆಲ್ಲ ನಿಲ್ಲಿಸಿ 'ನನ್ನ ಹಿಂದೆ ಯಾರಾದ್ರೂ ಬರ್ತಿದ್ದಾರಾ?' ಅಂತ ಕೇಳೋರು. ಕೂದಲು ನೆರೆಯೋ ತನಕ ಅದೇ ಕೆಲಸ. ಕೊನೆಗೆ ಈ ಮನೇಲೇ, ನನ್ನ ಕೈಯಲ್ಲೇ ಹೋದ್ರು. ಮಣ್ಣು ಮಾಡಿ ಎಷ್ಟೋ ವರ್ಷ ಆಯ್ತು."

"ಪಾಪ... ಅಲ್ಲಿಗೆ ಮುಗೀತು," ಎಂದರು ಡಾಕ್ಟರು ಮೆಲ್ಲಗೆ.

"ಮುಗೀತು ಅಂತಲೇ ನಾನೂ ಅಂದ್ಕೊಂಡಿದ್ದೆ." ಅಜ್ಜಿ ಕಾಲುಚೀಲಗಳು ಒಣಗಿವೆಯೇ ಎಂದು ಒಂದೊಂದನ್ನೇ ಮುಟ್ಟಿ ನೋಡತೊಡಗಿದರು. "ನಾಳೆ ಮಳೆ ನಿಂತ ಮೇಲೆ ನೀವು ಅದೇ ದಾರೀಲಿ ಹೋಗ್ತೀರಲ್ಲ... ಇಸ್ತ್ರಿ ಅಂಗಿ ಹಾಕ್ಕೊಂಡಿರೋ ಒಬ್ಬರು ಎದುರಿಗೆ ಬಂದು, ನನ್ನ ಹಿಂದೆ ಯಾರಾದ್ರೂ ಬರ್ತಿದ್ದಾರಾ ಅಂತ ಕೇಳ್ತಾರೆ. ಹೆದರಬೇಡಿ, ಏನೂ ಮಾಡಲ್ಲ. ಬರ್ತಿದ್ದಾರೆ ಅನ್ನಿ. ಯಾರೂ ಕಾಣದೇ ಇದ್ರೂ, ಹೌದು, ಬರ್ತಿದ್ದಾರೆ ಅಂತಲೇ ಅನ್ನಿ."