ಬಾವಿಯಲ್ಲಿ ಜನ: ಒಂದು

ಒಂದು ಒಗಟು ಹೇಳ್ತೀನಿ, ಬಿಡಿಸಿ. ವೈರಿಲ್ಲ, ಕರೆಂಟಿಲ್ಲ, ಕೇಳಿದ್ದಕ್ಕೆ ಉತ್ತರ ಮಾತ್ರ ತಪ್ಪಲ್ಲ. ಏನದು?

ತಲೆ ಕೆರ್ಕೋಬೇಡಿ, ನಿಮಗೆ ಗೊತ್ತಾಗಲ್ಲ. ನನಗೂ ಗೊತ್ತಿಲ್ಲ. ನಮ್ಮ ದೊಡ್ಡಮ್ಮನ ಮಗಳು ಅಕ್ಕ ಇದ್ದಾಳಲ್ಲ, ಕಂಪ್ಯೂಟರ್ ಓದಿದೋಳು, ಅವಳಿಗೂ ಗೊತ್ತಿಲ್ಲ. ನಾನಂತೂ ಕಂಪ್ಯೂಟರ್ ಕ್ಲಾಸಲ್ಲಿ ಮೌಸಿನ ಹೊಟ್ಟೆಗೆ ಟೇಪು ಅಂಟಿಸಿ ಹೊರಗೆ ನಿಂತೋನು. ಆದ್ರೂ ಕೇಳಿ. ಇದು ಅಕ್ಕನಿಗೇ ಆಗಿದ್ದು.

ಅಕ್ಕನ ಕೆಲಸ ನೀರು ಸರಬರಾಜು ಆಫೀಸಲ್ಲಿ. ಹಿತ್ತಲಲ್ಲಿ ದೊಡ್ಡ ಬಾವಿ, ಬಾಯಿ ಮೇಲೆ ಮೋಟಾರು. ಭಾವ ಅಲ್ಲೇ ಫಿಟ್ಟರು. ವಾಲ್ವ್ ಕೆಟ್ಟರೆ ಏಣಿ ಹಿಡಿದು ಕೆಳಗಿಳೀತಾರೆ. ಏಣಿ ಪಕ್ಕದಲ್ಲೇ ಮೋಟಾರಿನ ಉದ್ದ ಕಂಬಿ ಗಿರಗಿರ ತಿರುಗತ್ತೆ... ಅಂಗಿ ತುದಿ ಸಿಕ್ಕಿದ್ರೂ ಮುಗೀತು. ಅದಕ್ಕೇ ಇಳಿಯೋರು ಕೈಗೆ ಒಂದು ಪಟ್ಟಿ ಕಟ್ಟಬೇಕು. ಒಳಗೆ ಎಷ್ಟು ಪಟ್ಟಿ ಇದೆ ಅಂತ ಬೇರೊಂದು ಮಷೀನು ಎಣಿಸಿ ಹೇಳತ್ತೆ. ವೆಬ್ ಸರ್ವಿಸ್ ಅಂತಾರೆ ಅದಕ್ಕೆ. ಅಕ್ಕ ಬರೆದ ಹೊಸ ಅಪ್ಲಿಕೇಶನ್ನು ಅದನ್ನ ಕೇಳಬೇಕು. ಸೊನ್ನೆ ಅಂದ್ರೆ ಮಾತ್ರ ಮೋಟಾರು.

ಈ ಸರ್ವಿಸನ್ನ ಜೋಡಿಸೋದು ಹೇಗೆ ಗೊತ್ತಾ? ಕೋಡಲ್ಲಿ ಒಂದು ಖಾಲಿ ಜಾಗ ಬಿಡ್ತಾರೆ. ಅದರ ತಲೆ ಮೇಲೆ ಒಂದು ಸಾಲು ಬರೀತಾರೆ, ಹಣೆಗೆ ಚೀಟಿ ಅಂಟಿಸಿದ ಹಾಗೆ. ಅನೋಟೇಶನ್. ಚೀಟಿಯಲ್ಲಿ ವಿಳಾಸ. ಅಪ್ಲಿಕೇಶನ್ ಎದ್ದ ಕೂಡಲೇ ಸರ್ವರು ಚೀಟಿ ಓದಿ, ಆ ವಿಳಾಸದಲ್ಲಿ ಇರೋದನ್ನ ತಂದು ಖಾಲಿ ಜಾಗದಲ್ಲಿ ಕೂರಿಸತ್ತೆ. ನಾವು ಕರೆಯೋಕೆ ಹೋಗಬೇಕಿಲ್ಲ... ಅದೇ ಬಂದು ಕೂರತ್ತೆ.

ಆವತ್ತು ಅಕ್ಕ ಅಪ್ಲಿಕೇಶನ್ ಎಬ್ಬಿಸಿದ್ದೇ ತಡ, ಪರದೆ ಸರಿಯಾಗಿ ನೋಡದೆ ಮನೆಗೆ ಹೊರಟಳು. ಕತ್ತಲಾಗಿತ್ತು. ಬಾವಿಗೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ. ಪಕ್ಕದಲ್ಲಿ ನಡೀತಿದ್ದಾಗ ಒಳಗಿಂದ... ಟಣ್.

ಪೈಪಿಗೆ ಸ್ಪ್ಯಾನರ್ ತಾಗಿದ ಸದ್ದು. ಟಣ್... ಟಣ್.

ಭಾವನಿಗೆ ಫೋನ್ ಹಚ್ಚಿದಳು.

"ಎಲ್ಲಿದ್ದೀರಿ?"

"ಮನೇಲಿ. ಮೆಲ್ಲಗೆ ಮಾತಾಡು, ಪಾಪು ಈಗಷ್ಟೇ ಮಲಗಿದೆ."

"ಬಾವಿಯೊಳಗೆ ಯಾರೋ..."

"ಬೀಗದ ಕೈ ನನ್ನ ಜೇಬಲ್ಲಿದೆ ಕಣೇ. ಕಪ್ಪೆ ಓವರ್‌ಟೈಮ್ ಮಾಡ್ತಿರಬೇಕು. ಬಾ, ಊಟ ಆರ್ತಿದೆ."

ಅಕ್ಕ ಮನೆಗೆ ಹೋಗಲಿಲ್ಲ, ವಾಪಸ್ ಆಫೀಸಿನೊಳಗೆ ಓಡಿದಳು. ಪರದೆ ಮೇಲೆ... ಬಾವಿಯಲ್ಲಿ ಜನ: 1.

ಕೋಡು ತೆಗೆದು ನೋಡಿದಳು. ಚೀಟಿ ಸಾಲನ್ನ ಹಳೇ ಪ್ರೋಗ್ರಾಮಿಂದ ನಕಲು ಮಾಡಿದ್ದಳು, ವಿಳಾಸ ಬದಲಾಯಿಸೋಕೆ ಮರೆತಿದ್ದಳು. ಅದು ಮುಂಚೆ ಎಣಿಸ್ತಿದ್ದ ಹಳೇ ಮಷೀನಿನ ವಿಳಾಸ. ಮಷೀನು ಅವಳ ಹಿಂದೆ, ಮೂಲೆಯಲ್ಲೇ ಇತ್ತು. ಮೇಲೆಲ್ಲ ಧೂಳು. ವೈರು ಸುತ್ತಿ ಅದರ ನೆತ್ತಿ ಮೇಲೇ ಇಟ್ಟಿದ್ದರು.

ಫೋನ್ ಇನ್ನೂ ಕಿವಿಯಲ್ಲೇ ಇತ್ತು. ಪಿಸುಗುಟ್ಟಿದಳು.

"ರೀ... ಹಳೇ ಮಷೀನು ಯಾಕೆ ತೆಗೆದಿದ್ದು?"

"ಸುಳ್ಳು ಹೇಳ್ತಿತ್ತು. ಬಾವಿ ಖಾಲಿ ಇದ್ರೂ ಒಬ್ಬರಿದ್ದಾರೆ ಅಂತಿತ್ತು. ಯಾಕೆ?"

ಅಕ್ಕ ಫೋನ್ ಇಟ್ಟಳು. ಹೊಸ ವಿಳಾಸ ಹಾಕಿ ಮತ್ತೆ ಎಬ್ಬಿಸಿದಳು. ಸೊನ್ನೆ ಬಂತು. ಅಬ್ಬಾ ಅನ್ನೋಷ್ಟರಲ್ಲಿ... ಧಡ್ ಧಡ್ ಧಡ್ ಧಡ್! ಪೈಪಿಗಲ್ಲ. ಮುಚ್ಚಳಕ್ಕೆ. ಒಳಗಿಂದ.

ಹಳೇ ವಿಳಾಸವನ್ನೇ ವಾಪಸ್ ಹಾಕಿ ಎಬ್ಬಿಸಿದಳು.

ಸದ್ದು ನಿಂತಿತು.

ಮನೆಗೆ ಓಡಿದ ರಭಸಕ್ಕೆ ಕಾಲಲ್ಲಿ ಒಂದೇ ಚಪ್ಪಲಿ ಉಳಿದಿತ್ತಂತೆ.

ಬೆಳಗ್ಗೆ ಎಲ್ಲಿಂದ ನೀರು ಬರಬೇಕು? ಸಾಹೇಬರು ಕೆಂಡ. "ಏನಮ್ಮಾ, ಮೋಟಾರು ಮಲಗಿಬಿಟ್ಟಿದೆ! ಜನ ಬಕೆಟ್ ಸಮೇತ ಗೇಟಿಗೆ ಬಂದಿದ್ದಾರೆ. ನಾನೇನು ಅವರಿಗೆ ಕಣ್ಣೀರು ತುಂಬಿಸಿ ಕೊಡ್ಲಾ?"

"ಈಗಲೇ ಸರಿ ಮಾಡ್ತೀನಿ ಸರ್."

ಹಗಲಲ್ವಾ, ರಾತ್ರಿ ಹೆದರಿದ್ದಕ್ಕೆ ಅವಳಿಗೇ ನಾಚಿಕೆ. ಹೊಸ ವಿಳಾಸ ಬರೆದಳು. ಅಪ್ಲಿಕೇಶನ್ ಎಬ್ಬಿಸೋ ಗುಂಡಿ ಮೇಲೆ ಬೆರಳಿಟ್ಟಳು. ಒತ್ತೋ ಮುಂಚೆ ಪರದೆ ಕಡೆ ಕಣ್ಣು ಹೋಯ್ತು.

ಬಾವಿಯಲ್ಲಿ ಜನ: 2.

ಎರಡಾ?

ಕಿಟಕಿಯಿಂದ ಇಣುಕಿದಳು. ಬಾವಿ ಮುಚ್ಚಳ ತೆರೆದಿತ್ತು. ಪಕ್ಕದ ನಲ್ಲಿಯಲ್ಲಿ ಭಾವನ ಕೈಪಟ್ಟಿ ನೇತಾಡ್ತಿತ್ತು. ಮೋಟಾರಿಗೆ ಏನಾಗಿದೆ ನೋಡೋಣ ಅಂತ ಭಾವ ಇಳಿದಿದ್ದರು. ನಿನ್ನೆ ಕೈ ತೊಳೆಯೋಕೆ ಬಿಚ್ಚಿದ ಪಟ್ಟಿ ಕಟ್ಟೋದು ಮರೆತಿದ್ದರು. ಹೊಸ ಸರ್ವಿಸು ಎಣಿಸೋದು ಪಟ್ಟೀನ, ಮನುಷ್ಯರನ್ನಲ್ಲ. ಅಕ್ಕ ಗುಂಡಿ ಒತ್ತಿದ್ರೆ ಅದು ಸೊನ್ನೆ ಅಂತಿತ್ತು. ಮೋಟಾರು ತಿರುಗ್ತಿತ್ತು. ಭಾವ... ಏಣಿ ಮೇಲೆ.

"ರೀ! ಮೇಲೆ ಬನ್ನಿ! ಮೇಲೆ ಬನ್ನಿ!"

ಭಾವ ತಲೆ ಹೊರಗೆ ಹಾಕಿದರು. "ಏನೇ ನಿನ್ನ ಗಂಟಲು! ನಿನ್ನನ್ನೇ ಬಾವಿಗೆ ಜೋಡಿಸಿದ್ರೆ ಮೋಟಾರೇ ಬೇಡ."

ಅಕ್ಕ ನಗಲಿಲ್ಲ. ಅವರ ಕೈ ಬಿಡಲೇ ಇಲ್ಲ. ಆಮೇಲೆ ಒಬ್ಬಳೇ ಕಟ್ಟೆ ಹತ್ತಿರ ನಿಂತು ಬಾವಿಯೊಳಗೆ ಬಗ್ಗಿ, "ಉಪಕಾರ ಆಯ್ತು" ಅಂದಳು. ಒಳಗೆ ಬಂದು ನೋಡಿದ್ರೆ ಪರದೆ ಮೇಲೆ ಸೊನ್ನೆ. ಅದು ಹೊರಟುಹೋಗಿತ್ತು. ಅಷ್ಟೇ. ಮಲಗಿ.

...ಏನು ಹಾಗೆ ನೋಡ್ತೀರಿ? ಸರಿ ಸರಿ. ಆ ಸೊನ್ನೆ ನಾನು ಕಟ್ಟಿದ್ದು. ನಾನೂ ಒಬ್ಬನೇ ಮನೆಗೆ ಹೋಗಬೇಕಲ್ಲಪ್ಪಾ! ಉಳಿದಿದ್ದೆಲ್ಲ ನಡೆದಿದ್ದು, ನನ್ನಾಣೆ.

ಅಕ್ಕ ಆ ಹಳೇ ಸಾಲು ಅಳಿಸಲೇ ಇಲ್ಲ. ಈಗ ಕೋಡಲ್ಲಿ ಎರಡು ಖಾಲಿ ಜಾಗ, ಎರಡು ಚೀಟಿ. ಮೋಟಾರು ತಿರುಗಬೇಕಾದ್ರೆ ಹೊಸ ಸರ್ವಿಸು ಸೊನ್ನೆ ಅನ್ನಬೇಕು... ಹಳೇದು ಒಂದು ಅನ್ನಬೇಕು.

ನೀರು ದಿನಾ ಬರ್ತಿದೆ.