ಹೊಂಗೆ ಗಿಡಕ್ಕೆ ಕಟ್ಟಿದ ಹೆಸರು

ಶ್ರೀನಿವಾಸಪುರದಲ್ಲಿ ಕೋಲಾರದ ಬಸ್ಸಿಗೆ ಕಾಯುತ್ತಿದ್ದ ದೊಡ್ಡವೆಂಕಟಮ್ಮನ ಪಕ್ಕದಲ್ಲೇ ತಾಯಿ ಮಗಳಿಬ್ಬರು ಗಂಟು ಇಟ್ಟುಕೊಂಡು ಕೂತಿದ್ದರು.

“ಅಮ್ಮಾ, ಸ್ಕೂಲಲ್ಲಿ ನನ್ನ ಹೊಂಗೆ ಗಿಡಕ್ಕೆ ಇನ್ಮೇಲೆ ನೀರು ಯಾರು ಹಾಕ್ತಾರೆ?”

“ಹುತ್ತೂರಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋಕೆ ನಿಮ್ಮತ್ತೆಗೆ ಜನ ಇಲ್ಲ, ನೀನಿನ್ನು ಅಲ್ಲೇ ಇರ್ಬೇಕು. ಗಿಡದ ಚಿಂತೆ ಬಿಡು ಕಣೇ.”

“ಸ್ಕೂಲಲ್ಲಿ ಉಪ್ಪಿಟ್ಟು ತಿಂದ ತಟ್ಟೇನ ಎಲ್ಲರೂ ಅವರವರ ಗಿಡದ ಬುಡದಲ್ಲೇ ತೊಳೀತೀವಿ. ಅದು ಬಿಟ್ರೆ ಬೇರೆ ನೀರಿಲ್ಲ.”

“ತಮ್ಮ ಈ ವರ್ಷ ಸ್ಕೂಲಿಗೆ ಸೇರ್ತಾನಲ್ಲ, ತೊಳೀತಾನೆ.”

“ಅವನಿಗೆ ಮೇಷ್ಟ್ರು ಬೇರೆ ಗಿಡ ಕೊಡ್ತಾರೆ. ನನ್ನನ್ನ ವಾಪಸ್ ಸ್ಕೂಲಿಗೆ ಕಳಿಸ್ತೀಯಾ?”

ದೊಡ್ಡವೆಂಕಟಮ್ಮನೂ ತಾಯಿಯ ಕಡೆ ತಿರುಗಿದಳು. ತಾಯಿ ಗಂಟಿನ ಕಟ್ಟು ಬಿಗಿ ಮಾಡಿದಳು.

ಬಸ್ಸು ಬಂತು. ಹುಡುಗಿ ಗಂಟು ಎತ್ತಿಕೊಂಡು ಮೆಟ್ಟಿಲ ಹತ್ತಿರ ನಿಂತಳು.

“ಹಂಗಾದ್ರೆ ಗಿಡಕ್ಕೆ ಕಟ್ಟಿರೋ ತಗಡಲ್ಲಿ ನನ್ನ ಹೆಸರು ಅಳಿಸಿ, ತಮ್ಮನ ಹೆಸರು ಬರೆಸಮ್ಮ. ಆಗ ಅವನು ನೀರು ಹಾಕ್ತಾನೆ.”